ರಿಪೋರ್ಟ್ ನಾರ್ಮಲ್, ಮೈ ಮಾತ್ರ ಏಳವಲ್ದು

ಕೊಪ್ಪಳ ಜಿಲ್ಲೆಯ ಯಾವ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ತಾಸು ಕುಳಿತರೂ ಇಂಥ ಮಾತುಕತೆ ಕಿವಿಗೆ ಬೀಳುತ್ತದೆ.

“ಏನಾಗೈತವ್ವಾ?”

“ಸುಸ್ತ್ ಭಾಳ ಆಗೈತ್ರೀ. ಕೈಕಾಲ ಹರಿತಾವು. ಕುಂತ್ರ ಏಳಾಕ ಆಗಂಗಿಲ್ಲ, ಎದ್ರ ಕಣ್ಣಿಗೆ ಕತ್ಲಿ ಬರತೈತಿ. ರಾತ್ರಿಯೆಲ್ಲಾ ಮಲಗಿ ಎದ್ರೂ ದಣಿವು ಹಂಗ ಇರತೈತ್ರೀ.”

“ಎಷ್ಟ್ ದಿನ ಆತು?”

“ದಿನ ಅಲ್ರೀ, ವರ್ಷಾತು.”

ವೈದ್ಯರು ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಾರೆ. ‘ರಕ್ತ ಕಮ್ಮಿ ಐತಿ’ ಎಂದು ಗುಳಿಗೆ ಬರೆಯುತ್ತಾರೆ. ಹಿಂದೆ ಐವತ್ತು ಜನ ನಿಂತಿರುವಾಗ ಅವರಿಗಾದರೂ ಇದಕ್ಕಿಂತ ಹೆಚ್ಚು ಪುರುಸೊತ್ತು ಎಲ್ಲಿಂದ ಬರಬೇಕು? ಗುಳಿಗೆ ಮುಗಿದರೂ ಸುಸ್ತು ಹೋಗುವುದಿಲ್ಲ. ಆಮೇಲೆ ಖಾಸಗಿ ದವಾಖಾನೆ, ಶುಗರ್ ಟೆಸ್ಟು, ಥೈರಾಯ್ಡ್ ಟೆಸ್ಟು. ‘ಎಲ್ಲಾ ನಾರ್ಮಲ್ ಐತಿ’ ಎಂಬ ಉತ್ತರ. ಅದಾದ ಮೇಲೆ ಊರಿನ ಡಾಕ್ಟರ ಹತ್ತಿರ ಒಂದು ಸಲೈನು, ಒಂದು ಶಕ್ತಿಯ ಸೂಜಿ. ಕೊನೆಗೆ ಹುಲಿಗೆಮ್ಮ ದೇವಿಗೊಂದು ಹರಕೆ. ಇಷ್ಟರೊಳಗೆ ಮನೆಯವರಲ್ಲಿ ಯಾರಾದರೊಬ್ಬರು ‘ಕೆಲಸಗಳ್ಳಿ’ ಎಂದಿರುತ್ತಾರೆ. ಓದಿದವರಾದರೆ ‘ಇದು ಮನಸ್ಸಿನದು’ ಎಂದಿರುತ್ತಾರೆ.

ಇಂಥ ಸುಸ್ತಿನ ಬೆನ್ನು ಹತ್ತುವಾಗ ವೈದ್ಯರೂ ಮನೆಯವರೂ ಎರಡು ಕಡೆ ಎಡವುತ್ತಾರೆ. ಒಂದು ಕಾರಣ ಸಿಕ್ಕ ಕೂಡಲೇ ಹುಡುಕುವುದನ್ನು ನಿಲ್ಲಿಸುತ್ತಾರೆ. ಏನೂ ಸಿಗದಿದ್ದರೆ ರೋಗಿಯನ್ನು ನಂಬುವುದನ್ನು ನಿಲ್ಲಿಸುತ್ತಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ನೆಲ, ನೀರು, ಊಟ, ದುಡಿಮೆಗಳನ್ನು ಗಮನಿಸಿದರೆ ಇಲ್ಲಿ ಈ ಎರಡು ತಪ್ಪುಗಳಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆಂದು ತಿಳಿಯುತ್ತದೆ.

ರಕ್ತ ಕಮ್ಮಿ, ಸರಿ; ಆಮೇಲೆ?

ರಕ್ತಹೀನತೆಯಿಂದಲೇ ಶುರು ಮಾಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 48 ಮಂದಿಗೆ ರಕ್ತಹೀನತೆಯಿದೆ. ಗರ್ಭಿಣಿಯಲ್ಲದ ಹೆಂಗಸಿನ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಮಿಗಿಂತ ಕೆಳಗಿದ್ದರೆ ರಕ್ತಹೀನತೆ ಎಂದು ಲೆಕ್ಕ. ಗರ್ಭಿಣಿಗೆ ಈ ಗೆರೆ 11. ಹಿಮೋಗ್ಲೋಬಿನ್ ಕಡಿಮೆಯಾದರೆ ಸ್ನಾಯುಗಳಿಗೆ ಆಮ್ಲಜನಕ ಸಾಲದು. ಆ ಕೊರತೆ ತುಂಬಲು ಹೃದಯ ಹೆಚ್ಚು ಬಡಿದುಕೊಳ್ಳುತ್ತದೆ. ನೀರಿನ ಕೊಡ ಹೊತ್ತು ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬರುವುದು ಇದರಿಂದಲೇ.

ಆದರೆ ‘ರಕ್ತ ಕಮ್ಮಿ’ ಎಂಬುದು ರೋಗದ ಹೆಸರಲ್ಲ, ಲಕ್ಷಣ. ಅದು ಯಾಕೆ ಕಡಿಮೆಯಾಯಿತು ಎಂಬ ಪ್ರಶ್ನೆ ಹಾಗೇ ಉಳಿದಿರುತ್ತದೆ. ತಿಂಗಳ ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿರಬಹುದು. ಬರಿಗಾಲಲ್ಲಿ ಹಸಿ ಮಣ್ಣಿನಲ್ಲಿ ದುಡಿಯುವವರ ಕರುಳಿನಲ್ಲಿ ಕೊಕ್ಕೆಹುಳು ಸೇರಿ ದಿನವೂ ರಕ್ತ ಹೀರುತ್ತಿರಬಹುದು. ಊಟದಲ್ಲಿ ಕಬ್ಬಿಣ ಇದ್ದೂ ಮೈಗೆ ಹತ್ತದೇ ಇರಬಹುದು. ಜೋಳ, ಸಜ್ಜೆಗಳಲ್ಲಿ ಕಬ್ಬಿಣವಿದೆ, ಆದರೆ ಅದನ್ನು ಹಿಡಿದಿಡುವ ಫೈಟೇಟ್ ಎಂಬ ವಸ್ತುವೂ ಇದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದರ ಟ್ಯಾನಿನ್ ಇನ್ನಷ್ಟು ಕಬ್ಬಿಣವನ್ನು ತಡೆಯುತ್ತದೆ. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಹೀರಿಕೆ ಹೆಚ್ಚುತ್ತದೆ. ಸರ್ಕಾರಿ ಕೆಂಪು ಗುಳಿಗೆಯೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅದನ್ನು ಚಹಾದ ಜೊತೆ ನುಂಗಿದರೆ ಅರ್ಧ ಕೆಲಸ ಕೆಟ್ಟ ಹಾಗೆ.

ಕೊರತೆ ಕಬ್ಬಿಣದ್ದೇ ಆಗಿರಬೇಕೆಂದೂ ಇಲ್ಲ. ಬಿ12 ಜೀವಸತ್ವ ಹಾಲು, ಮೊಸರು, ಮೊಟ್ಟೆ, ಮಾಂಸಗಳಲ್ಲಿ ಮಾತ್ರ ಸಾಕಷ್ಟು ಸಿಗುತ್ತದೆ. ಮನೆಯಲ್ಲಿ ಹೈನವಿದ್ದರೂ ಹಾಲು ಡೇರಿಗೆ ಹೋಗುತ್ತಿದ್ದರೆ, ಮಾಂಸ ತಿನ್ನದ ಮನೆಯ ಸೊಸೆಗೆ ಬಿ12 ಸಿಗುವ ದಾರಿಯೇ ಇಲ್ಲ. ಅದರ ಕೊರತೆಯಿಂದ ಸುಸ್ತಿನ ಜೊತೆಗೆ ಕೈಕಾಲು ಜೋಮು ಹಿಡಿಯುವುದು, ಮರೆವು, ನಾಲಿಗೆ ಉರಿ ಕೂಡ ಬರುತ್ತವೆ. ಊರಿನ ಡಾಕ್ಟರು ಕೊಡುವ ‘ಕೆಂಪು ಸೂಜಿ’ಯ ಬಣ್ಣ ಬಿ12ನದೇ. ಅದರಿಂದ ನಿಜವಾಗಿ ಚೇತರಿಕೆ ಕಂಡವರಿಗೆ ಆ ಕೊರತೆ ಇದ್ದಿರಬಹುದು. ಕೊರತೆ ಎಷ್ಟು, ಎಷ್ಟು ದಿನ ಕೊಡಬೇಕು ಎಂದು ಅಳೆಯುವವರಿಲ್ಲದೆ ಒಂದು ಸೂಜಿಗೇ ಕತೆ ಮುಗಿಯುತ್ತದೆ.

ಹಿಮೋಗ್ಲೋಬಿನ್ 12 ದಾಟಿದ್ದರೂ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು. ದಾಸ್ತಾನನ್ನು ಅಳೆಯುವುದು ಫೆರಿಟಿನ್ ಎಂಬ ಇನ್ನೊಂದು ಪರೀಕ್ಷೆ. ಫ್ರಾನ್ಸಿನಲ್ಲಿ 198 ಹೆಂಗಸರ ಮೇಲೆ ನಡೆದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಸುಸ್ತು ಇತ್ತು, ಯಾರಿಗೂ ರಕ್ತಹೀನತೆ ಇರಲಿಲ್ಲ, ಎಲ್ಲರ ಫೆರಿಟಿನ್ ಲೀಟರಿಗೆ 50 ಮೈಕ್ರೋಗ್ರಾಮಿಗಿಂತ ಕೆಳಗಿತ್ತು. ಅರ್ಧ ಮಂದಿಗೆ ದಿನಕ್ಕೆ 80 ಮಿಲಿಗ್ರಾಂ ಕಬ್ಬಿಣ, ಉಳಿದವರಿಗೆ ಹುಸಿಗುಳಿಗೆ. 12 ವಾರಗಳ ಬಳಿಕ ಕಬ್ಬಿಣ ಪಡೆದವರ ಸುಸ್ತು ಸುಮಾರು 48 ಪ್ರತಿಶತ ಇಳಿದಿತ್ತು, ಹುಸಿಗುಳಿಗೆಯವರದು 29 ಪ್ರತಿಶತ. ಅಂದರೆ ‘ರಕ್ತ ಸರಿ ಐತಿ’ ಎಂದು ವಾಪಸು ಕಳಿಸಿದವರಲ್ಲಿಯೂ ಕಬ್ಬಿಣದಿಂದ ಗುಣವಾಗುವವರು ಇರುತ್ತಾರೆ. ಇದೇ ಅಧ್ಯಯನದಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ: ಕಬ್ಬಿಣ ಕೊಟ್ಟರೂ ಸುಸ್ತು ಸರಾಸರಿ ಅರ್ಧಕ್ಕೆ ಇಳಿಯಿತೇ ಹೊರತು ಪೂರ್ತಿ ಹೋಗಲಿಲ್ಲ.

ಬೋರಿನ ನೀರು

ಈ ಜಿಲ್ಲೆಯಲ್ಲಿ ನೀರು ಎರಡು ಬಗೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜ ಮಾಡಿತು. ಕುಷ್ಟಗಿ, ಯಲಬುರ್ಗಾಗಳು ಮಾತ್ರ ಮಳೆಯನ್ನೂ ಬೋರ್‌ವೆಲ್ಲನ್ನೂ ನಂಬಿ ಉಳಿದವು. ಇಲ್ಲಿನ ತಳಪಾಯ ಗ್ರಾನೈಟ್ ಮತ್ತು ನೈಸ್ ಶಿಲೆ. ಆ ಕಲ್ಲಿನೊಳಗಿನ ಅಪಟೈಟ್, ಬಯೋಟೈಟ್, ಫ್ಲೋರೈಟ್ ಎಂಬ ಖನಿಜಗಳಲ್ಲಿ ಫ್ಲೋರೈಡ್ ಇದೆ. ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಅದನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಸೋಡಿಯಂ ಬೈಕಾರ್ಬೋನೇಟ್ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆಯಿದ್ದರೆ ಇನ್ನೂ ಹೆಚ್ಚು ಕರಗುತ್ತದೆ. ಕೆರೆ, ತೆರೆದ ಬಾವಿಗಳ ಮೇಲುನೀರಿಗಿಂತ ಆಳದ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಕಾಣುವುದು ಈ ಕಾರಣಕ್ಕೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ ನಡೆದೀತು ಎನ್ನುತ್ತದೆ ಭಾರತೀಯ ಮಾನಕ.

ಫ್ಲೋರೈಡ್ ಹೆಚ್ಚಾಗಿ ಬರುವ ಕಾಯಿಲೆ ಫ್ಲೋರೋಸಿಸ್. ಅದು ನಮ್ಮ ದೇಶದಲ್ಲಿ ಮೊದಲು ದಾಖಲಾದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಹಲ್ಲಿನ ಮೇಲಿನ ಕಂದು ಪಟ್ಟೆ, ಬಾಗಿದ ಬೆನ್ನು ಎಲ್ಲರಿಗೂ ಗೊತ್ತಿರುವ ಚಿತ್ರ. ಅಷ್ಟು ಎದ್ದು ಕಾಣುವ ಹಂತಕ್ಕೆ ಬರುವ ಮೊದಲು ವರ್ಷಗಟ್ಟಲೆ ನಡೆಯುವ ಕತೆ ಅಷ್ಟು ಪ್ರಚಾರ ಪಡೆದಿಲ್ಲ. ಸೊಂಟ ಹಿಡಿದುಕೊಳ್ಳುವುದು, ಕುತ್ತಿಗೆ ಬಿಗಿತ, ಹೊಟ್ಟೆ ಉಬ್ಬರ, ಮಲಬದ್ಧತೆ, ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ, ಸ್ನಾಯುಗಳಲ್ಲಿ ಬಲವಿಲ್ಲದಿರುವುದು, ಹೇಳತೀರದ ಸುಸ್ತು. ದೇಹದಲ್ಲಿ ಉಳಿದುಕೊಳ್ಳುವ ಫ್ಲೋರೈಡಿನ ನೂರರಲ್ಲಿ 99 ಪಾಲು ಮೂಳೆ, ಹಲ್ಲುಗಳಿಗೆ ಸೇರುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದಷ್ಟೂ ಅದು ಕರುಳಿನಿಂದ ಹೆಚ್ಚು ಒಳಗೆ ನುಗ್ಗುತ್ತದೆ.

ಇದನ್ನು ಗುರುತಿಸಲು ದೊಡ್ಡ ಯಂತ್ರ ಬೇಕಿಲ್ಲ, ಹಳ್ಳಿಯ ಕಟ್ಟೆಯ ಮೇಲೇ ಮೂರು ಸರಳ ಪರೀಕ್ಷೆ ಮಾಡಬಹುದು. ಮೊಣಕಾಲು ಮಡಿಸದೆ ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತಬೇಕು. ಗದ್ದವನ್ನು ಎದೆಗೆ ತಾಗಿಸಬೇಕು. ಎರಡೂ ಕೈ ಅಗಲಿಸಿ ಮಡಚಿ ತಲೆಯ ಹಿಂಭಾಗ ಮುಟ್ಟಬೇಕು. ಮೂವತ್ತು ದಾಟದ ಹೆಂಗಸಿಗೆ ಇದು ಆಗದೆ ಬಿಗಿತ, ನೋವು ಕಂಡರೆ ಮನೆಯ ನೀರನ್ನೂ ಅವಳ ಮೂತ್ರವನ್ನೂ ಪರೀಕ್ಷಿಸಬೇಕು. ಮುಂಗೈಯ ಎಕ್ಸ್-ರೇಯಲ್ಲಿ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿದ್ದು ಕಂಡರೆ ಬಹುಪಾಲು ಅನುಮಾನ ಪರಿಹಾರವಾದಂತೆ.

ಹಲ್ಲನ್ನು ಮಾತ್ರ ನಂಬಬಾರದು. ಹಲ್ಲಿನ ಮೇಲೆ ಕಲೆ ಮೂಡುವುದು ಹಲ್ಲು ಇನ್ನೂ ವಸಡಿನೊಳಗೆ ಬೆಳೆಯುತ್ತಿರುವ ಎಳವೆಯಲ್ಲಿ. ಕಾಲುವೆ ನೀರು ಕುಡಿದು ಗಂಗಾವತಿ ಕಡೆ ಬೆಳೆದ ಹುಡುಗಿ ಕುಷ್ಟಗಿ ತಾಲ್ಲೂಕಿನ ಹಳ್ಳಿಗೆ ಸೊಸೆಯಾಗಿ ಬಂದರೆ ಅವಳ ಹಲ್ಲು ಕೊನೆತನಕ ಬೆಳ್ಳಗೇ ಇರುತ್ತದೆ. ಬೋರಿನ ನೀರು ಅವಳ ಮೂಳೆಯಲ್ಲಿ ಮಾಡುವ ಕೆಲಸ ಮಾತ್ರ ಹಲ್ಲಿನಲ್ಲಿ ಕಾಣುವುದಿಲ್ಲ. ಹಾಗೆಯೇ ಶುದ್ಧ ನೀರಿನ ಘಟಕದ ಕ್ಯಾನು ಮನೆಗೆ ಬಂದಿದೆ ಎಂದು ನಿಶ್ಚಿಂತೆಯಾಗಿ ಕೂರುವಂತಿಲ್ಲ. ಆ ನೀರು ಕುಡಿಯುವುದಕ್ಕೆ ಮಾತ್ರ. ರೊಟ್ಟಿಯ ಹಿಟ್ಟಿಗೆ ಹಾಕುವ ಎಸರು, ಬೇಳೆ, ಚಹಾ ಎಲ್ಲಕ್ಕೂ ನಲ್ಲಿಯ ಬೋರಿನ ನೀರೇ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ.

ರಕ್ತಹೀನತೆ, ಫ್ಲೋರೈಡ್ ಎಂಬ ಈ ಎರಡು ಕತೆಗಳು ಒಂದಕ್ಕೊಂದು ಹೆಣೆದುಕೊಳ್ಳುವ ಜಾಗವೂ ಇದೆ. ಫ್ಲೋರೈಡ್ ಕರುಳಿನ ಒಳಪದರವನ್ನು ಕೆಡಿಸಿ ಪೋಷಕಾಂಶಗಳ ಹೀರಿಕೆಗೆ ಅಡ್ಡಿ ಮಾಡುತ್ತದೆ ಎಂಬುದು ಫ್ಲೋರೋಸಿಸ್ ತಜ್ಞೆ ಎ.ಕೆ. ಸುಶೀಲಾ ಅವರ ವಾದ. ಅವರ ತಂಡ ದೆಹಲಿಯ ರಕ್ತಹೀನ ಗರ್ಭಿಣಿಯರಲ್ಲಿ ಫ್ಲೋರೈಡ್ ಸೇವನೆ ತಗ್ಗಿಸಿ, ಊಟ ಸುಧಾರಿಸಿದಾಗ ಹಿಮೋಗ್ಲೋಬಿನ್ ಏರಿತೆಂದು 2010ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿತು. ಗುಳಿಗೆ ನುಂಗಿದರೂ ರಕ್ತ ಏರದ ಹೆಂಗಸು ಗುಳಿಗೆಯನ್ನು ಚರಂಡಿಗೆ ಎಸೆದಿರಬೇಕೆಂದು ಅನುಮಾನಿಸುವ ಮೊದಲು ಅವಳ ಮನೆಯ ನೀರು ನೋಡುವುದು ನ್ಯಾಯ.

ಒಂದೇ ರೋಗ ಇರಬೇಕೆಂಬ ಹಟ

ವೈದ್ಯಕೀಯ ವಿದ್ಯಾರ್ಥಿಗಳಿಗೆ ಹೇಳಿಕೊಡುವ ಹಳೆಯ ಸೂತ್ರವೊಂದಿದೆ: ಎಲ್ಲ ಲಕ್ಷಣಗಳಿಗೂ ಒಂದೇ ಕಾರಣ ಹುಡುಕು. ಅಮೆರಿಕದ ವೈದ್ಯ ಜಾನ್ ಹಿಕಂ ಇದಕ್ಕೆ ಎದುರು ಸೂತ್ರ ಕೊಟ್ಟರು: ರೋಗಿಗೆ ಎಷ್ಟು ಕಾಯಿಲೆ ಬೇಕಾದರೂ ಇರಬಹುದು. ನಮ್ಮ ಸೀಮೆಗೆ ಹಿಕಂ ಮಾತೇ ಹೆಚ್ಚು ಹೊಂದುತ್ತದೆ. ಲೆಕ್ಕ ಹಾಕಿ ನೋಡಿ. ನೂರು ಹೆಂಗಸರಲ್ಲಿ 48 ಮಂದಿಗೆ ರಕ್ತಹೀನತೆ ಇದೆ. ಅವರ ಊರಿನ ಅರ್ಧ ಮನೆಗಳಿಗೆ ಫ್ಲೋರೈಡ್ ನೀರು ಬರುತ್ತದೆ ಎಂದುಕೊಳ್ಳೋಣ. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲದಿದ್ದರೂ ಬರೀ ಕಾಕತಾಳೀಯವಾಗಿ 24 ಮಂದಿಗೆ ಎರಡೂ ಇರುತ್ತವೆ. ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಸುಮಾರು 11 ಪ್ರತಿಶತ ಮಂದಿಗೆ ಥೈರಾಯ್ಡ್ ಕೊರತೆ ಕಂಡಿತ್ತು. ಅದನ್ನೂ ಇದಕ್ಕೆ ಸೇರಿಸಿ. ಸಕ್ಕರೆ ಕಾಯಿಲೆ, ಎರಡು ವಾರ ದಾಟಿದ ಕೆಮ್ಮಿನ ಜೊತೆ ಬರುವ ಕ್ಷಯ, ಭತ್ತಕ್ಕೆ ಔಷಧ ಹೊಡೆಯುವವರ ಮೈಗೆ ಸೇರುವ ಕೀಟನಾಶಕ, ಖಿನ್ನತೆ ಇವನ್ನೂ ಸೇರಿಸಿ.

ಬೋರಿನ ಮೋಟಾರು ನೀರೆತ್ತದಿದ್ದರೆ ರೈತ ಏನು ಮಾಡುತ್ತಾನೆ? ವೋಲ್ಟೇಜು ನೋಡುತ್ತಾನೆ, ಸ್ಟಾರ್ಟರ್ ನೋಡುತ್ತಾನೆ, ಕಾಯಿಲ್ ಸುಟ್ಟಿದೆಯೇ, ಪೈಪು ಸೋರುತ್ತಿದೆಯೇ, ಕೊಳವೆಯಲ್ಲಿ ನೀರೇ ಇಳಿದಿದೆಯೇ ಎಂದು ಒಂದೊಂದಾಗಿ ನೋಡುತ್ತಾನೆ. ವೋಲ್ಟೇಜ್ ಕಡಿಮೆ ಇದೆ ಎಂದು ಗೊತ್ತಾದ ಮಾತ್ರಕ್ಕೆ ಪೈಪು ಸೋರುತ್ತಿಲ್ಲ ಎಂದು ತೀರ್ಮಾನಿಸುವುದಿಲ್ಲ. ಮೋಟಾರಿಗೆ ಸಿಗುವ ಈ ತಾಳ್ಮೆ ಮೈಗೂ ಸಿಗಬೇಕು.

ಜ್ವರ ಹೋಯಿತು, ಸುಸ್ತು ಹೋಗಲಿಲ್ಲ

2006ರ ಚಿಕುನ್‌ಗುನ್ಯವನ್ನು ಉತ್ತರ ಕರ್ನಾಟಕ ಮರೆತಿಲ್ಲ. ಆ ವರ್ಷ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳು ದಾಖಲಾದವು. ಅವುಗಳಲ್ಲಿ ಏಳೂವರೆ ಲಕ್ಷ, ಅಂದರೆ ಅರ್ಧಕ್ಕೂ ಹೆಚ್ಚು, ಕರ್ನಾಟಕದವು. ಜ್ವರ ನಾಲ್ಕೈದು ದಿನಕ್ಕೆ ಇಳಿಯಿತು. ಕೀಲು ನೋವು ಮಾತ್ರ ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯಿತು. ಜೊತೆಗೆ ಸುಸ್ತು. ಕೋವಿಡ್ ಬಂದು ಹೋದ ಮೇಲೂ ಹೀಗೇ ಆಯಿತು. ಸೋಂಕು ಬಿಟ್ಟುಹೋದರೂ ಮೈ ಮೊದಲಿನಂತಾಗದೆ ಉಳಿಯುವುದು ವೈದ್ಯಕೀಯಕ್ಕೆ ಹೊಸ ಸಂಗತಿಯೇನಲ್ಲ.

1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ರೋಗಿಗಳ ಬದಲು ಸಿಬ್ಬಂದಿಯೇ ಮಲಗಿದರು. 292 ಮಂದಿಗೆ ಗಂಟಲು ನೋವು, ತಲೆನೋವು, ಸ್ನಾಯುಗಳ ನಿಶ್ಶಕ್ತಿ. ಆಸ್ಪತ್ರೆಯನ್ನೇ ಕೆಲಕಾಲ ಮುಚ್ಚಬೇಕಾಯಿತು. ಕೆಲವರು ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. ಮರುವರ್ಷ ‘ಲ್ಯಾನ್ಸೆಟ್’ ಪತ್ರಿಕೆ ಇದಕ್ಕೆ ಮಯಾಲ್ಜಿಕ್ ಎನ್ಸೆಫಲೋಮಯಲೈಟಿಸ್ ಎಂಬ ಹೆಸರು ಸೂಚಿಸಿತು. 1988ರಲ್ಲಿ ಅಮೆರಿಕದ ತಜ್ಞರು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದರು. ಈಗ ಎರಡನ್ನೂ ಜೋಡಿಸಿ ಎಂಇ/ಸಿಎಫ್‌ಎಸ್ ಎನ್ನುತ್ತಾರೆ. ಚಿಕುನ್‌ಗುನ್ಯದ ನಂತರ ಸುಸ್ತಾದವರೆಲ್ಲರಿಗೂ ಈ ರೋಗವಿದೆ ಎಂದಲ್ಲ. ಆದರೆ ಇಂಥದೊಂದು ರೋಗವಿದೆ ಎಂಬುದೇ ಗೊತ್ತಿಲ್ಲದ ಕಡೆ ಅದು ಇದ್ದವರನ್ನು ಯಾರೂ ಗುರುತಿಸುವುದಿಲ್ಲ.

2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಇದನ್ನು ಗುರುತಿಸುವ ಸರಳ ನಿಯಮ ಕೊಟ್ಟಿತು. ಆರು ತಿಂಗಳಿಗೂ ಮಿಕ್ಕಿ ಹಿಂದಿನಂತೆ ಬದುಕಲಾಗದಷ್ಟು ಸುಸ್ತಿರಬೇಕು. ಮಲಗಿ ಎದ್ದರೂ ಆರಾಮ ಸಿಗಬಾರದು. ದುಡಿದ ಮೇಲೆ ಕಾಯಿಲೆ ಉಲ್ಬಣಿಸಬೇಕು. ಇವುಗಳ ಜೊತೆಗೆ ತಲೆ ಮಂಕಾಗುವುದು ಅಥವಾ ಎದ್ದು ನಿಂತಾಗ ತಾಳಲಾಗದಿರುವುದು, ಎರಡರಲ್ಲಿ ಒಂದಾದರೂ ಇರಬೇಕು.

ಇವುಗಳಲ್ಲಿ ಕೀಲಿಕೈ ದುಡಿದ ಮೇಲಿನ ಉಲ್ಬಣ. ರಕ್ತಹೀನತೆ ಇದ್ದವಳಿಗೆ ಕೆಲಸ ಮಾಡುವಾಗಲೇ ಏದುಸಿರು ಬರುತ್ತದೆ, ಕುಳಿತು ಸುಧಾರಿಸಿಕೊಂಡರೆ ತಕ್ಕಮಟ್ಟಿಗೆ ಸರಿಹೋಗುತ್ತದೆ. ಎಂಇ/ಸಿಎಫ್‌ಎಸ್ ಇದ್ದವಳು ಸೋಮವಾರ ಭತ್ತದ ನಾಟಿಗೆ ಹೋಗಿ ಹೇಗೋ ದಿನ ದೂಡುತ್ತಾಳೆ. ಬುಧವಾರ ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ. ಗಂಟಲು ಕೆರೆತ, ಮೈಯೆಲ್ಲ ನೋವು, ಬೆಳಕು ಸೇರುವುದಿಲ್ಲ, ಯಾರ ಮಾತೂ ತಲೆಗೆ ಹತ್ತುವುದಿಲ್ಲ. ಅದು ವಾರಗಟ್ಟಲೆ ಎಳೆಯಬಹುದು. ಸೋಮವಾರ ಅವಳು ಗದ್ದೆಯಲ್ಲಿದ್ದುದನ್ನು ಎಲ್ಲರೂ ನೋಡಿರುತ್ತಾರೆ. ಆದ್ದರಿಂದಲೇ ಬುಧವಾರದ ಅವಳ ಮಾತನ್ನು ಯಾರೂ ನಂಬುವುದಿಲ್ಲ.

ಖಿನ್ನತೆಗೂ ಇದಕ್ಕೂ ಇರುವ ವ್ಯತ್ಯಾಸ ತಿಳಿಯಲು ಒಂದು ಪ್ರಶ್ನೆ ಸಾಕಷ್ಟು ಸಹಾಯ ಮಾಡುತ್ತದೆ: “ನಾಳೆ ಪೂರಾ ಆರಾಮಾದ್ರ ಏನ್ ಮಾಡ್ತೀಯವ್ವಾ?” ಖಿನ್ನತೆಯಲ್ಲಿರುವವರಿಗೆ ಹೇಳಲು ಏನೂ ತೋಚದೆ ಹೋಗಬಹುದು. ಎಂಇ/ಸಿಎಫ್‌ಎಸ್ ಇದ್ದವರು ಮಾತ್ರ ಒಂದೊಂದಾಗಿ ಹೇಳುತ್ತಾರೆ: ತವರಿಗೆ ಹೋಗಬೇಕು, ಮನೆ ಸಾರಿಸಬೇಕು, ಕೊಪ್ಪಳದ ಗವಿಮಠದ ಜಾತ್ರೆಗೆ ನಡೆದೇ ಹೋಗಬೇಕು. ಆಸೆ ಇದೆ, ಮೈ ಬರುತ್ತಿಲ್ಲ. ವರ್ಷಗಟ್ಟಲೆ ನರಳಿದವರಿಗೆ ಖಿನ್ನತೆಯೂ ಬಂದು ಸೇರಬಹುದು. ಆಗ ಅದಕ್ಕೂ ಔಷಧ ಬೇಕು.

ಈ ರೋಗ ಒಂಟಿಯಾಗಿ ಬರುವುದೂ ಕಡಿಮೆ. ಮೈತುಂಬ ನೋವಿನ ಫೈಬ್ರೊಮಯಾಲ್ಜಿಯ, ಕರುಳಿನ ಕಿರಿಕಿರಿಯಾದ ಐಬಿಎಸ್, ಅರೆತಲೆನೋವು ಹಲವೊಮ್ಮೆ ಜೊತೆಯಾಗಿ ಬರುತ್ತವೆ. ಹೊಟ್ಟೆಗೊಬ್ಬ ಡಾಕ್ಟರು, ಕೀಲಿಗೊಬ್ಬರು, ತಲೆಗೊಬ್ಬರು ಎಂದು ಹುಬ್ಬಳ್ಳಿ, ಬಳ್ಳಾರಿ ಸುತ್ತುವ ರೋಗಿಯ ಕೈಯಲ್ಲಿ ನಾಲ್ಕು ಫೈಲುಗಳಿರುತ್ತವೆ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿ ನೋಡುವವರು ಇರುವುದಿಲ್ಲ.

ಹತ್ತು ನಿಮಿಷ ನಿಲ್ಲಿಸಿ ನೋಡಿ

‘ಎದ್ರ ಕಣ್ಣಿಗೆ ಕತ್ಲಿ ಬರತೈತಿ’ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಒಂದು ಪರೀಕ್ಷೆ ಮಾಡಬಹುದು. ಬೇಕಾದದ್ದು ಗಡಿಯಾರ, ಬಿಪಿ ಯಂತ್ರ, ಒಂದು ಗೋಡೆ. ರೋಗಿಯನ್ನು ಹತ್ತು ನಿಮಿಷ ಮಲಗಿಸಿ ನಾಡಿ ಎಣಿಸಿ, ಬಿಪಿ ನೋಡಿ. ನಂತರ ಗೋಡೆಗೆ ಬೆನ್ನು ಆನಿಸಿ ನಿಲ್ಲಿಸಿ ಹತ್ತು ನಿಮಿಷದ ತನಕ ನಿಮಿಷಕ್ಕೊಮ್ಮೆ ಎಣಿಸಿ. ಬಿಪಿ ಕುಸಿಯದೆ ನಾಡಿ ಮಾತ್ರ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಏರಿ ಹಾಗೇ ನಿಂತರೆ ಅದಕ್ಕೆ ಪಾಟ್ಸ್ ಎಂಬ ಹೆಸರಿದೆ. ಹದಿಹರೆಯದವರಲ್ಲಿ ಈ ಗೆರೆ 40. ನಿಂತಾಗ ರಕ್ತ ಕಾಲಿಗೆ ಇಳಿಯದಂತೆ ತಡೆಯುವ ನರಗಳು ಸರಿಯಾಗಿ ಕೆಲಸ ಮಾಡದಿದ್ದರೆ ಅಥವಾ ಮೈಯಲ್ಲಿ ರಕ್ತದ ಪ್ರಮಾಣವೇ ಕಡಿಮೆಯಾಗಿದ್ದರೆ ಹೀಗಾಗುತ್ತದೆ. ರಕ್ತಹೀನತೆಯಿಂದಲೂ ನಾಡಿ ಏರುವುದರಿಂದ ಮೊದಲು ಅದನ್ನು ಸರಿಪಡಿಸಿ ಮತ್ತೆ ಎಣಿಸಬೇಕು. ಪರೀಕ್ಷೆಯ ನಡುವೆ ತಲೆ ಸುತ್ತಿದರೆ ಕೂಡಲೇ ಮಲಗಿಸಬೇಕು.

ಇಲ್ಲಿ ಸಲೈನಿನ ರಹಸ್ಯವೂ ಬಯಲಾಗುತ್ತದೆ. ಅರ್ಧ ಲೀಟರ್ ಸಾದಾ ಸಲೈನಿನಲ್ಲಿರುವುದು ನಾಲ್ಕೂವರೆ ಗ್ರಾಂ ಉಪ್ಪು, ಶಕ್ತಿ ಸೊನ್ನೆ. ‘ಗ್ಲುಕೋಸ್ ಬಾಟಲಿ’ ಎಂಬ ಐದು ಪ್ರತಿಶತದ ಡೆಕ್ಸ್‌ಟ್ರೋಸ್ ಅರ್ಧ ಲೀಟರಿನಲ್ಲಿ 25 ಗ್ರಾಂ ಸಕ್ಕರೆ ಇರುತ್ತದೆ. ಒಂದು ಜೋಳದ ರೊಟ್ಟಿಯ ಶಕ್ತಿಯೂ ಅದಕ್ಕಿಲ್ಲ. ಆದರೂ ಸಲೈನು ಹಚ್ಚಿಸಿಕೊಂಡು ಬಂದವರು ‘ಎರಡು ದಿನ ಹಗುರ ಆತ್ರೀ’ ಎಂದರೆ ಅದನ್ನು ಪೂರಾ ಭ್ರಮೆ ಎಂದು ತಳ್ಳಿಹಾಕುವಂತಿಲ್ಲ. ನಿಂತಾಗ ತಾಳಲಾಗದವರ ರಕ್ತನಾಳಗಳಲ್ಲಿ ದ್ರವ ತುಂಬಿಕೊಂಡಾಗ ಸ್ವಲ್ಪ ಹೊತ್ತು ನಿಜವಾಗಿಯೂ ಹಗುರವಾಗುತ್ತದೆ. ಈ ಲಾಭ ಸೂಜಿ ಚುಚ್ಚದೆಯೂ ಸಿಗಬಹುದು. ವೈದ್ಯರನ್ನು ಕೇಳಿ ನೀರು, ಉಪ್ಪು ಹೆಚ್ಚಿಸುವುದು, ಮಜ್ಜಿಗೆ ಅಥವಾ ಓಆರ್‌ಎಸ್ ಕುಡಿಯುವುದು, ಹಾಸಿಗೆಯಿಂದ ನಿಧಾನ ಏಳುವುದು, ರೊಟ್ಟಿ ಬಡಿಯುವುದನ್ನೂ ಪಾತ್ರೆ ತೊಳೆಯುವುದನ್ನೂ ಕುಳಿತು ಮಾಡುವುದು. ಬಿಪಿ, ಕಿಡ್ನಿ, ಹೃದಯದ ತೊಂದರೆ ಇದ್ದವರು ಮಾತ್ರ ಉಪ್ಪು ಹೆಚ್ಚಿಸಬಾರದು. ಆ ಸಲೈನಿನ ಬಾಟಲಿಯೊಳಗೆ ನೋವಿನ ಸೂಜಿ, ಸ್ಟಿರಾಯ್ಡ್ ಬೆರೆಸಿ ಕೊಡುವವರಿಂದಂತೂ ದೂರ ಇರಬೇಕು. ಸ್ಟಿರಾಯ್ಡ್ ಒಂದೆರಡು ದಿನ ಹುರುಪು ಕೊಡುತ್ತದೆ, ಮೇಲಿಂದ ಮೇಲೆ ತೆಗೆದುಕೊಂಡರೆ ಮೂಳೆ ಸವೆಸುತ್ತದೆ, ಸಕ್ಕರೆ ಏರಿಸುತ್ತದೆ.

ಯಾರ ಸುಸ್ತಿಗೆ ಔಷಧ?

ಕೊಪ್ಪಳ ಜಿಲ್ಲೆಯ ಆರೋಗ್ಯದ ಬಗ್ಗೆ ಜಗತ್ತಿನ ಸಂಶೋಧಕರು ಓದುವ ಅಧ್ಯಯನವೊಂದು ಇಲ್ಲಿಯೇ ನಡೆದಿದೆ. ಬೆಂಗಳೂರಿನ ಐಐಎಂನಲ್ಲಿದ್ದ ಗೀತಾ ಸೇನ್, ಅದಿತಿ ಅಯ್ಯರ್, ಆಶಾ ಜಾರ್ಜ್ ಅವರ ತಂಡ ಜಿಲ್ಲೆಯ 60 ಹಳ್ಳಿಗಳ 12 ಸಾವಿರಕ್ಕೂ ಹೆಚ್ಚು ಜನರ ಕಾಯಿಲೆ, ಚಿಕಿತ್ಸೆಗಳ ಲೆಕ್ಕ ತೆಗೆಯಿತು. ದೀರ್ಘಕಾಲದ ಕಾಯಿಲೆಗೆ ಯಾರು ಚಿಕಿತ್ಸೆ ಪಡೆಯುತ್ತಾರೆ, ಯಾರು ಪಡೆಯುವುದೇ ಇಲ್ಲ, ಯಾರು ನಡುವೆ ಬಿಡುತ್ತಾರೆ ಎಂದು ನೋಡಿದಾಗ ಏಣಿಯ ತುದಿಯಲ್ಲಿ ಉಳ್ಳವರ ಮನೆಯ ಗಂಡಸರು, ಬುಡದಲ್ಲಿ ಬಡ ಹೆಂಗಸರು ಕಂಡರು. ಇದು ನಿರೀಕ್ಷಿತವೇ. ನಡುವಿನ ಮೆಟ್ಟಿಲ ಮೇಲಿನ ಚಿತ್ರ ಅಷ್ಟು ನಿರೀಕ್ಷಿತವಲ್ಲ. ಉಳ್ಳವರ ಮನೆಯ ಹೆಂಗಸರೂ ಬಡ ಗಂಡಸರೂ ಅಲ್ಲಿ ಹೆಚ್ಚುಕಡಿಮೆ ಸರಿಸಮ ನಿಂತಿದ್ದರು. ಮನೆಯಲ್ಲಿ ದುಡ್ಡಿದ್ದರೂ ಹೆಂಗಸಿನ ಕಾಯಿಲೆಗೆ ಅದು ಬಿಚ್ಚುವುದು ಕಷ್ಟ. ದುಡ್ಡಿಲ್ಲದ ಮನೆಯಲ್ಲೂ ಗಂಡಸಿನ ಕಾಯಿಲೆಗೆ ಹೇಗೋ ಹೊಂದಿಸುತ್ತಾರೆ. ನಾಲ್ಕಾರು ಪರೀಕ್ಷೆ, ನಾಲ್ಕಾರು ಭೇಟಿ ಬೇಡುವ ಸುಸ್ತಿನಂಥ ಕಾಯಿಲೆ ಇಂಥ ವ್ಯವಸ್ಥೆಯಲ್ಲಿ ಪತ್ತೆಯಾಗದೆ ಉಳಿದರೆ ಆಶ್ಚರ್ಯವಿಲ್ಲ.

ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ಸುಮಾರು 2,500 ಹೆಂಗಸರನ್ನು ಮಾತಾಡಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 12 ಮಂದಿಗೆ ಆರು ತಿಂಗಳು ಮೀರಿದ ಸುಸ್ತು ಕಂಡಿತು. ಹಿಮೋಗ್ಲೋಬಿನ್ ಮಟ್ಟಕ್ಕೂ ಸುಸ್ತಿಗೂ ಅಲ್ಲಿ ನಂಟು ಸಿಗಲಿಲ್ಲ. ಬಡತನ, ಮನೆಯೊಳಗಿನ ಹಿಂಸೆ, ಮಾನಸಿಕ ಸಂಕಟಗಳ ಜೊತೆ ಬಲವಾದ ನಂಟು ಸಿಕ್ಕಿತು. ಇದನ್ನು ಓದಿ ‘ನೋಡಿದಿರಾ, ಎಲ್ಲಾ ಮನಸ್ಸಿನದೇ’ ಎನ್ನುವುದು ಆತುರ. ಅಧ್ಯಯನ ಫೆರಿಟಿನ್, ಬಿ12, ಥೈರಾಯ್ಡ್‌ಗಳ ಸಾಲನ್ನೆಲ್ಲ ಹುಡುಕಲು ಹೊರಟದ್ದಲ್ಲ. ಹಿಮೋಗ್ಲೋಬಿನ್ ಒಂದನ್ನೇ ನೋಡಿ ಸುಸ್ತಿನ ಬಗ್ಗೆ ತೀರ್ಪು ಕೊಡಬೇಡಿ, ಅವಳ ಬದುಕನ್ನೂ ಕೇಳಿ ಎಂಬುದು ಅದರಿಂದ ಕಲಿಯಬೇಕಾದ ಪಾಠ.

‘ಮನಸ್ಸಿನದು’ ಎಂಬ ಹಣೆಪಟ್ಟಿಯ ಚರಿತ್ರೆಯೂ ಹೆಮ್ಮೆಪಡುವಂಥದ್ದಲ್ಲ. 1970ರಲ್ಲಿ ಇಬ್ಬರು ಬ್ರಿಟಿಷ್ ಮನೋವೈದ್ಯರು ರಾಯಲ್ ಫ್ರೀ ಆಸ್ಪತ್ರೆಯ ಹಳೆಯ ಕಡತಗಳನ್ನು ಓದಿ ಅದೊಂದು ಸಾಮೂಹಿಕ ಉನ್ಮಾದ ಎಂದುಬಿಟ್ಟರು. ಪೀಡಿತರಲ್ಲಿ ಹೆಂಗಸರೇ ಹೆಚ್ಚು ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಆ ಮಾತು ಸಂಶೋಧನೆಯನ್ನು ದಶಕಗಟ್ಟಲೆ ಹಿಂದಕ್ಕೆ ಎಳೆಯಿತು. ಈಗ ಗಾಳಿ ತಿರುಗಿದೆ. 2021ರಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ, ದಿನದಿನಕ್ಕೂ ವ್ಯಾಯಾಮ ಹೆಚ್ಚಿಸುತ್ತ ಹೋಗುವ ಚಿಕಿತ್ಸೆಯನ್ನು ಎಂಇ/ಸಿಎಫ್‌ಎಸ್ ರೋಗಿಗಳಿಗೆ ಕೊಡಕೂಡದೆಂದಿತು. 2025ರಲ್ಲಿ ಹೊರಬಂದ ಡಿಕೋಡ್-ಎಂಇ ಅಧ್ಯಯನದ ಪ್ರಾಥಮಿಕ ಫಲಿತಾಂಶ 15,579 ರೋಗಿಗಳ ಡಿಎನ್‌ಎಯಲ್ಲಿ ಎಂಟು ಜಾಗಗಳನ್ನು ಗುರುತಿಸಿದೆ. ಅವುಗಳಲ್ಲಿ ಕೆಲವು ರೋಗನಿರೋಧಕ ವ್ಯವಸ್ಥೆಗೂ ನರಮಂಡಲಕ್ಕೂ ಸಂಬಂಧಿಸಿದವು. ಒಂದೇ ರಕ್ತಪರೀಕ್ಷೆಯಿಂದ ಇದನ್ನು ಗುರುತಿಸುವ ದಿನ ಇನ್ನೂ ಬಂದಿಲ್ಲ. ಗುಣಪಡಿಸುವ ಔಷಧವೂ ಇಲ್ಲ.

ಸದ್ಯಕ್ಕೆ ಆಗುವುದೇನು?

ಔಷಧ ಇಲ್ಲದಿದ್ದರೂ ಮಾಡುವುದಕ್ಕೆ ಬೇಕಾದಷ್ಟಿದೆ. ಮೊದಲು, ಗುಣವಾಗುವಂಥವನ್ನು ಒಂದೂ ಬಿಡದೆ ಹುಡುಕುವುದು. ಹಿಮೋಗ್ಲೋಬಿನ್ ಜೊತೆ ಫೆರಿಟಿನ್, ಬಿ12, ಥೈರಾಯ್ಡಿನ ಟಿಎಸ್‌ಎಚ್, ಸಕ್ಕರೆ, ಕಿಡ್ನಿ ಪರೀಕ್ಷೆ, ಕೆಮ್ಮಿದ್ದರೆ ಕಫ ಪರೀಕ್ಷೆ. ಎಲ್ಲ ಒಂದೇ ದಿನ ಆಗಬೇಕೆಂದಿಲ್ಲ, ಒಂದೇ ಫೈಲಿನಲ್ಲಿ ಇದ್ದರೆ ಸಾಕು. ಒಂದು ಸಿಕ್ಕಿ ಅದಕ್ಕೆ ಮೂರು ತಿಂಗಳು ಔಷಧ ತೆಗೆದುಕೊಂಡರೂ ಸುಸ್ತು ಉಳಿದರೆ ಮುಂದಿನದಕ್ಕೆ ಹೋಗಬೇಕು.

ದುಡಿದ ಮೇಲೆ ಕಾಯಿಲೆ ಉಲ್ಬಣಿಸುವುದು ಖಚಿತವಾದರೆ ಮೈಯ ಮಿತಿಯೊಳಗೆ ಕೆಲಸ ಹಂಚಿಕೊಳ್ಳುವುದೊಂದೇ ದಾರಿ. ಕೂಲಿಗೆ ಹೋದರೇ ಒಲೆ ಉರಿಯುವ ಮನೆಯಲ್ಲಿ ಇದನ್ನು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಹಾಗಾಗಿ ಇದು ಅವಳೊಬ್ಬಳ ಪಥ್ಯವಾಗಲಾರದು, ಇಡೀ ಮನೆ ಹಿಡಿಯಬೇಕಾದ ಪಥ್ಯ. ನೀರು ತರುವುದು, ಬಟ್ಟೆ ಒಗೆಯುವುದು, ದನದ ಕೆಲಸ ಗಂಡನಿಗೂ ಮಕ್ಕಳಿಗೂ ಹಂಚಿಕೆಯಾಗಬೇಕು. ಸ್ವಲ್ಪ ಆರಾಮ ಅನಿಸಿದ ದಿನ ಉಳಿದ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸುವ ಆಸೆಯನ್ನು ಅವಳೂ ತಡೆದುಕೊಳ್ಳಬೇಕು. ಮರುದಿನದ ಕುಸಿತ ಶುರುವಾಗುವುದು ಅಲ್ಲಿಂದಲೇ.

ನೀರಿನ ವಿಷಯ ಮಾತ್ರ ಮನೆಯೊಳಗೆ ಮುಗಿಯುವುದಲ್ಲ. ಜಲಜೀವನ ಮಿಷನ್ ಅಡಿ ಹಳ್ಳಿಗೆ ಐದು ಮಂದಿ ಹೆಂಗಸರಿಗೆ ನೀರು ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂಬ ನಿಯಮವಿದೆ. ನಿಮ್ಮ ಊರಿನಲ್ಲಿ ಆ ಐವರು ಯಾರು, ಕಿಟ್ ಎಲ್ಲಿದೆ, ನಿಮ್ಮ ಬೋರಿನ ಫ್ಲೋರೈಡ್ ಎಷ್ಟು ಎಂದು ಗ್ರಾಮ ಪಂಚಾಯ್ತಿಯಲ್ಲಿ ಕೇಳಿ. ಆ ಅಂಕಿಯನ್ನು ಬರೆಸಿಕೊಂಡು ಮನೆಯ ಹೆಂಗಸಿನ ಆಸ್ಪತ್ರೆ ಫೈಲಿನಲ್ಲಿಡಿ. ಅವಳನ್ನು ಪರೀಕ್ಷಿಸುವ ವೈದ್ಯರಿಗೆ ಅದೂ ಒಂದು ರಿಪೋರ್ಟೇ. ಅವಳ ಜೊತೆ ನೀವೂ ಒಳಗೆ ಹೋಗಿ, ‘ಎಷ್ಟು ದಿನ ಆತು’ ಎಂದು ಅವರು ಕೇಳಿದಾಗ ವರ್ಷದ ಲೆಕ್ಕ ಹೇಳಿ.